ಬೂಟ್‌ಪಿ ಟೂಲ್‌ನಿಂದ ಐಪಿ ಅಡ್ರೆಸ್ ಹೋಗುತ್ತದೆ, ಆದರೆ ಕಂಟ್ರೋಲರ್‌ನಲ್ಲಿ ನಿಲ್ಲುತ್ತಿಲ್ಲ

ಪ್ಯಾನೆಲ್‌ಬಾಗಿಲು:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಕೆಟ್ಟುಹೋದ ಕಂಟ್ರೋಲರ್ (ಮೆಷಿನ್ ನಡೆಸುವ ಪಿಎಲ್‌ಸಿ) ಜಾಗಕ್ಕೆ ಬೇರೆ ಕಾಂಪ್ಯಾಕ್ಟ್‌ಲಾಜಿಕ್ಸ್ 1769-ಎಲ್32ಇ ಹಾಕುತ್ತಿದ್ದೇವೆ. ಬಾಕ್ಸ್‌ನಿಂದ ಈಗಷ್ಟೇ ತೆಗೆದದ್ದು, ಐಪಿ ಅಡ್ರೆಸ್ ಇಲ್ಲ. ನೆಟ್‌ವರ್ಕ್ ಮೂಲಕ ಸಾಧನಗಳಿಗೆ ಐಪಿ ಕೊಡುವ ಅಲೆನ್ ಬ್ರಾಡ್ಲಿಯ ಬೂಟ್‌ಪಿ/ಡಿಎಚ್‌ಸಿಪಿ ಸರ್ವರ್ ಟೂಲ್ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಮೇಲಿನ ರಿಕ್ವೆಸ್ಟ್ ಹಿಸ್ಟರಿಯಲ್ಲಿ ಕಂಟ್ರೋಲರ್‌ನ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್‌ನ ಖಾಯಂ ಗುರುತು) ಬಂತು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 192.168.10.20 ಕೊಟ್ಟೆ. ಕೆಳಗಿನ ರಿಲೇಶನ್ ಲಿಸ್ಟ್‌ಗೆ ಸೇರಿತು. ಸ್ವಲ್ಪ ಹೊತ್ತಿಗೆ ಮೇಲಿನ ಸಾಲಿನಲ್ಲೂ ಆ ಐಪಿ ಕಾಣಿಸಿತು. ಇಷ್ಟರವರೆಗೆ ಎಲ್ಲ ಸರಿ.

ಆಮೇಲೆ ಡಿಸೇಬಲ್ ಬೂಟ್‌ಪಿ ಬಟನ್ ಒತ್ತಿದರೆ ಸ್ಟೇಟಸ್‌ನಲ್ಲಿ ಸಕ್ಸಸ್‌ಫುಲ್ ಅಂತ ಬರುವುದೇ ಇಲ್ಲ. ಕಂಟ್ರೋಲರ್ ಪವರ್ ಆಫ್ ಮಾಡಿ ಆನ್ ಮಾಡಿದರೆ ಅಡ್ರೆಸ್ ಮಾಯ. ಮತ್ತೆ ಮೊದಲಿನಿಂದ ಶುರು. ಹೀಗೆ ಆರು ಸಲ ಆಯಿತು. ಕಂಟ್ರೋಲರ್‌ನ ಈಥರ್‌ನೆಟ್ ಪೋರ್ಟೇ ಹಾಳಾಗಿರಬಹುದಾ?

ಹಳೇಲ್ಯಾಡರ್:

ಪೋರ್ಟ್ ಹಾಳಾಗಿದ್ದರೆ ಮ್ಯಾಕ್ ಅಡ್ರೆಸ್ ಕಾಣಿಸುತ್ತಲೇ ಇರಲಿಲ್ಲ. ಅದನ್ನು ಬಿಡಿ. ಮೂರು ವಿಷಯ ಹೇಳಿ. ಲ್ಯಾಪ್‌ಟಾಪ್‌ನ ಐಪಿ ಎಷ್ಟು? ಸಬ್‌ನೆಟ್ ಮಾಸ್ಕ್ ಎಷ್ಟು? ಕೇಬಲ್ ನೇರವಾಗಿ ಹಾಕಿದ್ದೀರಾ, ಇಲ್ಲ ನಡುವೆ ಸ್ವಿಚ್ ಇದೆಯಾ?

ಪ್ಯಾನೆಲ್‌ಬಾಗಿಲು:

ಲ್ಯಾಪ್‌ಟಾಪ್ 192.168.1.50, ಮಾಸ್ಕ್ 255.255.255.0. ಬೇರೆ ಮೆಷಿನ್‌ಗೆ ಇಟ್ಟಿದ್ದ ಸೆಟ್ಟಿಂಗ್, ಬದಲಾಯಿಸಿಲ್ಲ. ಮ್ಯಾಕ್ ಅಡ್ರೆಸ್ ಬಂದಿತಲ್ಲ, ಹಾಗಾಗಿ ಇದು ಸಾಕು ಅಂದುಕೊಂಡೆ. ಕೇಬಲ್ ನೇರವಾಗಿದೆ, ಸ್ವಿಚ್ ಇಲ್ಲ ಸರ್.

ಇನ್ನೊಂದು ಹೇಳಲು ಮರೆತೆ. ಕಂಟ್ರೋಲರ್ ಪವರ್ ಆಫ್ ಮಾಡಿ ಆನ್ ಮಾಡಿದಾಗ ಟೂಲ್‌ನಲ್ಲಿ ರಿಕ್ವೆಸ್ಟ್ ಬರುವುದು ಕೆಲವೊಮ್ಮೆ ನಿಂತೇಹೋಗುತ್ತದೆ. ಟೂಲ್ ಮುಚ್ಚಿ ತೆರೆದರೆ ಮತ್ತೆ ಬರುತ್ತದೆ.

ಹಳೇಲ್ಯಾಡರ್:

ತೊಂದರೆ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಇದು ಒಮ್ಮೆ ಅರ್ಥವಾದರೆ ಮುಂದಿನ ಸಲ ನೀವೇ ಹುಡುಕಿಕೊಳ್ಳಬಹುದು.

ಅಡ್ರೆಸ್ ಕೊಡುವುದು ಒಂದು ಕೆಲಸ. ಅದನ್ನು ಕಂಟ್ರೋಲರ್ ಒಳಗೆ ಗಟ್ಟಿ ಮಾಡುವುದು ಇನ್ನೊಂದು ಕೆಲಸ. ಟೂಲ್‌ನಲ್ಲಿ ಎರಡೂ ಅಕ್ಕಪಕ್ಕದ ಬಟನ್‌ಗಳು. ಆದರೆ ತಂತಿಯ ಮೇಲೆ ಎರಡೂ ಹೋಗುವ ದಾರಿಯೇ ಬೇರೆ.

ಮೊದಲ ಕೆಲಸ ನೋಡಿ. ಕಂಟ್ರೋಲರ್‌ಗೆ ಅಡ್ರೆಸ್ ಇಲ್ಲ. ಅದು 0.0.0.0 ಅಂತ ತನ್ನನ್ನು ಕರೆದುಕೊಂಡು, 255.255.255.255ಕ್ಕೆ ಒಂದು ಪ್ಯಾಕೆಟ್ ಬಿಡುತ್ತದೆ. ಅಂದರೆ ಆ ತಂತಿಯಲ್ಲಿ ಇರುವ ಎಲ್ಲರಿಗೂ ಕೂಗಿ ಹೇಳಿದ ಹಾಗೆ: ನನ್ನ ಮ್ಯಾಕ್ ಇದು, ನನ್ನ ಐಪಿ ಯಾರಿಗಾದರೂ ಗೊತ್ತಾ? ಪ್ಯಾಕೆಟ್ ಯುಡಿಪಿ ಪೋರ್ಟ್ 68ರಿಂದ ಹೊರಟು 67ಕ್ಕೆ ಬರುತ್ತದೆ. ನಿಮ್ಮ ಟೂಲ್ 67ರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ರಿಲೇಶನ್ ಲಿಸ್ಟ್‌ನಲ್ಲಿ ಆ ಮ್ಯಾಕ್ ಇದ್ದರೆ ಉತ್ತರವನ್ನೂ ಹಾಗೆಯೇ ಎಲ್ಲರಿಗೂ ಕೂಗುತ್ತದೆ. ಕೂಗಲೇಬೇಕು, ಅಡ್ರೆಸ್ಸೇ ಇಲ್ಲದವನಿಗೆ ನೇರವಾಗಿ ತಲುಪಿಸುವುದು ಕಷ್ಟ ಅಲ್ವಾ? ಇಲ್ಲಿ ನಿಮ್ಮ ಲ್ಯಾಪ್‌ಟಾಪ್ ಯಾವ ಸಬ್‌ನೆಟ್‌ನಲ್ಲಿದೆ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಕೂಗು ಎಲ್ಲರಿಗೂ ಕೇಳುತ್ತದೆ. ಅದಕ್ಕೇ ನಿಮ್ಮ ಮೊದಲರ್ಧ ಚೆನ್ನಾಗಿ ನಡೆಯಿತು.

ಎರಡನೆಯ ಕೆಲಸ ಹಾಗಲ್ಲ. ಡಿಸೇಬಲ್ ಬಟನ್ ಒತ್ತಿದಾಗ ಲ್ಯಾಪ್‌ಟಾಪ್ ಕಂಟ್ರೋಲರ್‌ನ ಹೊಸ ಐಪಿಗೆ ನೇರವಾಗಿ ಕನೆಕ್ಷನ್ ಮಾಡಬೇಕು. ಈ ಕಂಟ್ರೋಲರ್‌ಗಳು ಮಾತಾಡುವ ಈಥರ್‌ನೆಟ್/ಐಪಿ ಪ್ರೋಟೊಕಾಲ್‌ನಲ್ಲಿ ಇದು ಟಿಸಿಪಿ ಪೋರ್ಟ್ 44818. ಆ ಕನೆಕ್ಷನ್ ಮೇಲೆ ಒಂದು ಮೆಸೇಜ್ ಹೋಗಿ ಕಂಟ್ರೋಲರ್ ಒಳಗಿನ ಒಂದು ಸೆಟ್ಟಿಂಗ್ ಬದಲಾಗಬೇಕು. ಆ ಸೆಟ್ಟಿಂಗ್ ಇರುವುದು ಟಿಸಿಪಿ/ಐಪಿ ಆಬ್ಜೆಕ್ಟ್‌ನಲ್ಲಿ, ಕ್ಲಾಸ್ ಎಫ್5, ಆಟ್ರಿಬ್ಯೂಟ್ 3. ಬೆಲೆ 0 ಇದ್ದರೆ ಉಳಿಸಿದ ಅಡ್ರೆಸ್ ಬಳಸು ಅಂತ. 1 ಇದ್ದರೆ ಬೂಟ್‌ಪಿ ಕೇಳು. 2 ಇದ್ದರೆ ಡಿಎಚ್‌ಸಿಪಿ ಕೇಳು. ನಿಮ್ಮದು ಇನ್ನೂ 1ರಲ್ಲೇ ಇದೆ. ಹಾಗಾಗಿ ಪ್ರತಿ ಸಲ ಪವರ್ ಬಂದಾಗ ಹಳೆಯದನ್ನು ಬಿಟ್ಟು ಮತ್ತೆ ಕೇಳಲು ಶುರು ಮಾಡುತ್ತದೆ. ಅದು ತನಗೆ ಹೇಳಿದ್ದನ್ನೇ ಮಾಡುತ್ತಿದೆ.

ನಿಮ್ಮ ಲ್ಯಾಪ್‌ಟಾಪ್ 192.168.1 ರಲ್ಲಿದೆ, ಕಂಟ್ರೋಲರ್ 192.168.10 ರಲ್ಲಿದೆ. ಮಾಸ್ಕ್ 255.255.255.0 ಅಂದರೆ ಮೊದಲ ಮೂರು ಅಂಕಿ ಒಂದೇ ಇರಬೇಕು, ಹಾಗಾಗಿ ಇವೆರಡೂ ಬೇರೆ ಬೇರೆ ಊರು, ನಡುವೆ ರೂಟರ್ ಇಲ್ಲ. ಕೂಗಿದರೆ ಕೇಳುತ್ತದೆ, ಫೋನ್ ಮಾಡಿದರೆ ಲೈನ್ ಸಿಗುವುದಿಲ್ಲ.

ಲ್ಯಾಪ್‌ಟಾಪ್‌ನ ಐಪಿ 192.168.10.50 ಮಾಡಿ. ಟೂಲ್ ಮುಚ್ಚಿ ತೆರೆಯಿರಿ. ಅಡ್ರೆಸ್ ಹೋದ ಮೇಲೆ ಮೊದಲು ಪಿಂಗ್ ಮಾಡಿ (ಆ ಐಪಿ ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್). ಪಿಂಗ್ ಉತ್ತರ ಬಂದ ಮೇಲಷ್ಟೇ ರಿಲೇಶನ್ ಲಿಸ್ಟ್‌ನಲ್ಲಿ ಆ ಸಾಲು ಆರಿಸಿ ಡಿಸೇಬಲ್ ಒತ್ತಿ.

ನೆಟ್ವರ್ಕ್‌ಗೆಳತಿ:

ಹಳೇಲ್ಯಾಡರ್ ಸರ್ ಹೇಳಿದ್ದೇ ಮುಖ್ಯ ಕಾರಣ. ಟೂಲ್ ಮುಚ್ಚಿ ತೆರೆಯಬೇಕಾಗುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ನೇರ ಕೇಬಲ್.

ಕಂಟ್ರೋಲರ್ ಪವರ್ ತೆಗೆದರೆ ಲ್ಯಾಪ್‌ಟಾಪ್‌ನ ಪೋರ್ಟ್‌ನಲ್ಲೂ ಲಿಂಕ್ ಹೋಗುತ್ತದೆ. ಲಿಂಕ್ ಹೋದ ಕೂಡಲೇ ವಿಂಡೋಸ್ ಆ ಕಾರ್ಡ್‌ನ ಐಪಿಯನ್ನು ಬದಿಗಿಡುತ್ತದೆ. ಆ ಐಪಿಯನ್ನು ನಂಬಿ ಕೂತಿದ್ದ ಪ್ರೋಗ್ರಾಂ ಕಿವುಡಾಗಬಹುದು. ನಡುವೆ ಒಂದು ಚಿಕ್ಕ ಅನ್‌ಮ್ಯಾನೇಜ್ಡ್ (ಯಾವ ಸೆಟ್ಟಿಂಗೂ ಇಲ್ಲದ) ಸ್ವಿಚ್ ಹಾಕಿ. ಆಗ ಕಂಟ್ರೋಲರ್ ಆಫ್ ಆದರೂ ಲ್ಯಾಪ್‌ಟಾಪ್ ಕಡೆ ಲಿಂಕ್ ಇರುತ್ತದೆ. ನನ್ನ ಬ್ಯಾಗ್‌ನಲ್ಲಿ ಐದು ಪೋರ್ಟ್‌ನದೊಂದು ಯಾವಾಗಲೂ ಇರುತ್ತದೆ. ಬೂಟ್‌ಪಿ ಕೆಲಸಕ್ಕೆ ಅದಿಲ್ಲದೆ ಹೋಗುವುದಿಲ್ಲ.

ಅನ್‌ಮ್ಯಾನೇಜ್ಡ್ ಅಂತ ಒತ್ತಿ ಹೇಳುತ್ತಿದ್ದೇನೆ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ತಡೆಯುವ ವ್ಯವಸ್ಥೆ) ಓಡುತ್ತಿದ್ದರೆ ಪೋರ್ಟ್ ಎದ್ದ ಮೇಲೆ 15 ಸೆಕೆಂಡ್ ಆಲಿಸುವುದು, 15 ಸೆಕೆಂಡ್ ಕಲಿಯುವುದು, ಒಟ್ಟು 30 ಸೆಕೆಂಡ್ ಯಾವ ಪ್ಯಾಕೆಟ್ಟೂ ದಾಟುವುದಿಲ್ಲ. ಕಂಟ್ರೋಲರ್‌ನ ಮೊದಲ ಕೂಗುಗಳು ಅಲ್ಲೇ ಸತ್ತುಹೋಗುತ್ತವೆ. ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದ್ದರೆ ಇನ್ನೂ ಕಷ್ಟ. ನಂಬಿಕೆ ಇಲ್ಲದ ಪೋರ್ಟ್‌ನಿಂದ ಬರುವ ಸರ್ವರ್ ಉತ್ತರವನ್ನು ಸ್ವಿಚ್ ಎಸೆದುಬಿಡುತ್ತದೆ. ರಿಕ್ವೆಸ್ಟ್ ನಿಮಗೆ ಕಾಣುತ್ತದೆ, ನಿಮ್ಮ ಉತ್ತರ ಅವನಿಗೆ ಹೋಗುವುದಿಲ್ಲ. ಹುಡುಕಲು ಒಂದು ಇಡೀ ದಿನ ಬೇಕು ಇದನ್ನು.

ಮುಂದೆ ಓದುವವರಿಗಾಗಿ: ಮ್ಯಾಕ್ ಅಡ್ರೆಸ್ ಕಾಣಿಸುವುದೇ ಇಲ್ಲ ಅಂದರೆ ನಾನು ನೋಡುವುದು ಹೀಗೆ. ವೈಫೈ ಆಫ್ ಮಾಡಿ. ವಿಪಿಎನ್, ವರ್ಚುವಲ್ ಮೆಷಿನ್‌ಗಳ ನಕಲಿ ಕಾರ್ಡ್‌ಗಳನ್ನೂ ಡಿಸೇಬಲ್ ಮಾಡಿ, ಇಲ್ಲದಿದ್ದರೆ ಟೂಲ್ ಯಾವುದೋ ಕಾರ್ಡ್ ಹಿಡಿದು ಕೂರುತ್ತದೆ. ಫೈರ್‌ವಾಲ್‌ನಲ್ಲಿ ಯುಡಿಪಿ 67, 68 ಬಿಡಿ. ಟೂಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಆಮೇಲೂ ಇಲ್ಲ ಅಂದರೆ ಪೋರ್ಟ್ 67 ಅನ್ನು ಬೇರೆ ಯಾರಾದರೂ ಹಿಡಿದಿದ್ದಾರಾ ನೋಡಿ. ವಿಂಡೋಸ್‌ನ ಇಂಟರ್ನೆಟ್ ಶೇರಿಂಗ್ ಆನ್ ಇದ್ದರೆ ಅದು ತಾನೇ ಡಿಎಚ್‌ಸಿಪಿ ಸರ್ವರ್ ಆಗಿಬಿಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ 169.254 ಅಂತ ಶುರುವಾಗುವ ಅಡ್ರೆಸ್ ಕಂಡರೆ ಅದು ಕಂಟ್ರೋಲರ್‌ನದಲ್ಲ. ನಿಮ್ಮ ಕಾರ್ಡ್ ಇನ್ನೂ ಆಟೋಮ್ಯಾಟಿಕ್‌ನಲ್ಲಿದೆ ಅಂತ ಅರ್ಥ.

ಪ್ಯಾನೆಲ್‌ಬಾಗಿಲು:

ಇಬ್ಬರಿಗೂ ತುಂಬಾ ಧನ್ಯವಾದ. ಫೋನ್ ಲೈನ್ ಉದಾಹರಣೆಯಿಂದ ಪಟ್ ಅಂತ ಅರ್ಥ ಆಯಿತು. ನಾಳೆ ಬೆಳಿಗ್ಗೆ ಪ್ಯಾನೆಲ್ ಹತ್ತಿರ ಹೋಗುತ್ತೇನೆ. ಒಂದು ಸಂಶಯ. ಪವರ್ ಆನ್ ಆದ ತಕ್ಷಣ ರಿಕ್ವೆಸ್ಟ್‌ಗಳು ಬೇಗ ಬೇಗ ಬರುತ್ತವೆ, ಆಮೇಲೆ ತುಂಬಾ ನಿಧಾನ ಆಗುತ್ತವೆ. ಇದು ಸರಿಯಾ?

ಹಳೇಲ್ಯಾಡರ್:

ಸರಿ. ಬೂಟ್‌ಪಿಯನ್ನು ಬರೆದಿಟ್ಟದ್ದು 1985ರಲ್ಲಿ, ಆರ್‌ಎಫ್‌ಸಿ 951. ಆಗ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಿಂದ ಬೂಟ್ ಆಗಬೇಕಿತ್ತು. ಮೊದಲು ತನ್ನ ಐಪಿ ಕೇಳುವುದು, ಆಮೇಲೆ ಬೂಟ್ ಫೈಲ್‌ನ ಹೆಸರು ತಿಳಿದು ಟಿಎಫ್‌ಟಿಪಿ ಅನ್ನುವ ಸರಳ ಫೈಲ್ ಪ್ರೋಟೊಕಾಲ್‌ನಲ್ಲಿ ಇಳಿಸಿಕೊಳ್ಳುವುದು. ಬೂಟ್ ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ಒಂದೇ ಕಟ್ಟಡದಲ್ಲಿ ಕರೆಂಟ್ ಹೋಗಿ ಬಂದರೆ ನೂರು ಕಂಪ್ಯೂಟರ್ ಒಟ್ಟಿಗೆ ಕೂಗುತ್ತವೆ. ಸರ್ವರ್ ಉಸಿರುಗಟ್ಟಬಾರದು ಅಂತ, ಉತ್ತರ ಸಿಗದಿದ್ದರೆ ಪ್ರತಿ ಸಲ ಕಾಯುವ ಸಮಯ ದ್ವಿಗುಣ ಮಾಡಿ, ಸುಮಾರು 60 ಸೆಕೆಂಡ್‌ಗೆ ನಿಲ್ಲಿಸಿ ಅಂತ ಅದರಲ್ಲೇ ಸಲಹೆ ಇದೆ. ನಮ್ಮ ಕಂಟ್ರೋಲರ್‌ಗಳಲ್ಲಿ ಕಾಣುವುದೂ ಅದೇ ನಡತೆ. ಬೇಗ ಬೇಕಿದ್ದರೆ ಪವರ್ ಒಮ್ಮೆ ಆಫ್ ಆನ್ ಮಾಡಿ.

ನಮ್ಮ ಕೆಲಸದಲ್ಲಿ ಫೈಲ್ ಭಾಗ ಬೇಕಾಗಿಲ್ಲ. ಮ್ಯಾಕ್ ಕೊಟ್ಟು ಐಪಿ ತೆಗೆದುಕೊಳ್ಳುವ ಆ ಚಿಕ್ಕ ಮಾತುಕತೆ ಮಾತ್ರ ಉಳಿದಿದೆ.

ರಾತ್ರಿಪಾಳಿ:

ಡಿಸೇಬಲ್ ಒತ್ತದೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲಿ, ಯಾರದು ಅಂತ ಹೇಳುವುದಿಲ್ಲ.

ಒಂದು ಲೈನ್‌ನಲ್ಲಿ ನಾಲ್ಕು ಈಥರ್‌ನೆಟ್ ಮಾಡ್ಯೂಲ್‌ಗಳು. ಕಮಿಷನಿಂಗ್ ಮಾಡಿದವರು, ಅಂದರೆ ಲೈನ್ ಮೊದಲು ಚಾಲೂ ಮಾಡಿದವರು, ಕಂಟ್ರೋಲ್ ರೂಮ್‌ನ ಒಂದು ಹಳೇ ಕಂಪ್ಯೂಟರ್‌ನಲ್ಲಿ ಬೂಟ್‌ಪಿ ಟೂಲ್ ಓಡಿಸಿ ಅಡ್ರೆಸ್ ಕೊಟ್ಟಿದ್ದರು. ಡಿಸೇಬಲ್ ಮಾಡಿರಲಿಲ್ಲ. ಟೂಲ್ ಹಾಗೇ ತೆರೆದಿತ್ತು. ಲೈನ್ ಎಷ್ಟು ಸಲ ಆಫ್ ಆದರೂ ಅದು ಸುಮ್ನೆ ಹಿಂದೆ ಕೂತು ಉತ್ತರ ಕೊಡುತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಆ ಕಂಪ್ಯೂಟರ್ ಬೇಡ ಅಂತ ತೆಗೆದರು. ಅವತ್ತು ಏನೂ ಆಗಲಿಲ್ಲ. ಮಾಡ್ಯೂಲ್‌ಗಳಿಗೆ ಪವರ್ ಇತ್ತಲ್ಲ, ಅಡ್ರೆಸ್ ಹಾಗೇ ಇತ್ತು. ತಿಂಗಳುಗಳ ನಂತರ ಒಂದು ರಾತ್ರಿ ಕರೆಂಟ್ ಹೋಗಿ ಬಂತು. ನಾಲ್ಕೂ ಒಟ್ಟಿಗೆ ಕೇಳಲು ಶುರು ಮಾಡಿದವು, ಉತ್ತರ ಕೊಡುವವರೇ ಇಲ್ಲ. ಲೈನ್ ನಿಂತಿತು. ಎಲ್ಲರೂ ಕಾರ್ಡ್ ಸುಟ್ಟುಹೋಗಿದೆ ಅಂತ ಕಾರ್ಡ್ ಬದಲಾಯಿಸಲು ಹೊರಟರು.

ನಾನು ವೈರ್‌ಶಾರ್ಕ್ (ತಂತಿಯ ಮೇಲಿನ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಹಾಕಿ ನೋಡಿದೆ. ನಾಲ್ಕು ಮ್ಯಾಕ್ ಅಡ್ರೆಸ್, ನಾಲ್ಕೂ 0.0.0.0ಯಿಂದ ಕೂಗುತ್ತಿವೆ. ಇರಬೇಕಾದ ಐಪಿಗಳು ಪಿಎಲ್‌ಸಿ ಪ್ರೋಗ್ರಾಂನ ಐ/ಓ (ಇನ್‌ಪುಟ್/ಔಟ್‌ಪುಟ್) ಪಟ್ಟಿಯಲ್ಲಿ ಇದ್ದವು. ಯಾವ ಮ್ಯಾಕ್ ಯಾವ ಪ್ಯಾನೆಲ್‌ನದು ಅಂತ ಗೊತ್ತಿರಲಿಲ್ಲ. ಟಾರ್ಚ್ ಹಿಡಿದು ಒಂದೊಂದೇ ಲೇಬಲ್ ಓದಿದೆ. 8 ಮತ್ತು ಬಿ, 0 ಮತ್ತು ಡಿ, ಆ ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅಡ್ರೆಸ್ ಕೊಟ್ಟು, ಡಿಸೇಬಲ್ ಮಾಡಿ, ನಾಲ್ಕನ್ನೂ ಒಂದೊಂದಾಗಿ ಆಫ್ ಆನ್ ಮಾಡಿ ನೋಡಿ ಆಮೇಲೇ ಹೊರಟೆ.

ತಪ್ಪು ನಡೆದ ದಿನಕ್ಕೂ ಲೈನ್ ನಿಂತ ದಿನಕ್ಕೂ ಅಷ್ಟು ದೂರ ಇತ್ತು. ಅದಕ್ಕೇ ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ, ಆಫ್ ಆನ್ ಮಾಡಿ ನೋಡದೆ ಪ್ಯಾನೆಲ್ ಬಾಗಿಲು ಹಾಕಬೇಡಿ.

ನೆಟ್ವರ್ಕ್‌ಗೆಳತಿ:

ಇದು ಓದಿ ಬೇಸರ ಆಯಿತು. ಆದರೆ ಎಲ್ಲದಕ್ಕೂ ಅಡ್ರೆಸ್ ಒಳಗೇ ಗಟ್ಟಿ ಮಾಡಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಂಥದೇ ರಾತ್ರಿಯಲ್ಲಿ ಒಂದು ಡ್ರೈವ್ ಕಾರ್ಡ್ ಅಥವಾ ಐ/ಓ ಅಡಾಪ್ಟರ್ ನಿಜವಾಗಿಯೂ ಸುಟ್ಟಿತು ಅಂದುಕೊಳ್ಳಿ. ಎಲೆಕ್ಟ್ರಿಷಿಯನ್ ಹೊಸದು ಹಾಕುತ್ತಾರೆ. ಅವರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಅಡ್ರೆಸ್ ಯಾರು ಕೊಡಬೇಕು?

ಕೆಲವು ಇಂಡಸ್ಟ್ರಿಯಲ್ ಸ್ವಿಚ್‌ಗಳಲ್ಲಿ, ಉದಾಹರಣೆಗೆ ಸ್ಟ್ರಾಟಿಕ್ಸ್ 5700ರಲ್ಲಿ, ಡಿಎಚ್‌ಸಿಪಿ ಪರ್ಸಿಸ್ಟೆನ್ಸ್ ಅಂತ ಇದೆ. ಈ ಪೋರ್ಟ್‌ಗೆ ಏನೇ ಸಿಕ್ಕಿಸಿದರೂ ಈ ಐಪಿ ಕೊಡು ಅಂತ ಸ್ವಿಚ್‌ಗೇ ಹೇಳಿಡಬಹುದು. ಮ್ಯಾಕ್ ಬದಲಾದರೂ ಚಿಂತೆ ಇಲ್ಲ. ಹೊಸ ಕಾರ್ಡ್ ಸಿಕ್ಕಿಸಿದರೆ ಹಳೇ ಅಡ್ರೆಸ್ ತಾನಾಗಿ ಬರುತ್ತದೆ.

ರಾತ್ರಿಪಾಳಿ:

ಮೇಡಂ, ಸ್ವಿಚ್ ಕೊಡುವುದಾದರೆ ನನ್ನ ತಕರಾರಿಲ್ಲ. ಸ್ವಿಚ್ ಆ ಪ್ಯಾನೆಲ್‌ನಲ್ಲೇ ಇರುತ್ತದೆ, ಡ್ರಾಯಿಂಗ್‌ನಲ್ಲೂ ಇರುತ್ತದೆ. ಆದರೆ ಯಾರೋ ಕೇಬಲ್‌ಗಳನ್ನು ಅದಲು ಬದಲು ಮಾಡಿದರೆ? ಎರಡು ಡ್ರೈವ್‌ಗಳು ಒಂದರ ಅಡ್ರೆಸ್ ಇನ್ನೊಂದು ತೆಗೆದುಕೊಳ್ಳುತ್ತವೆ. ಒಂದೇ ಮಾಡೆಲ್ ಆದರೆ ಪಿಎಲ್‌ಸಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸ್ಟಾರ್ಟ್ ಒತ್ತಿದರೆ ಬೇರೆ ಮೋಟರ್ ತಿರುಗುತ್ತದೆ. ಇದು ಜೀವದ ವಿಷಯ.

ನೆಟ್ವರ್ಕ್‌ಗೆಳತಿ:

ಅದು ನಿಜವಾದ ಅಪಾಯ, ಒಪ್ಪುತ್ತೇನೆ. ಕೇಬಲ್‌ನ ಎರಡೂ ತುದಿಗೆ ಗುರುತು ಇಲ್ಲದ ಕಡೆ ಪೋರ್ಟ್ ಲೆಕ್ಕದ ಅಡ್ರೆಸ್ ಬಳಸಬಾರದು. ನಾನು ಪ್ರೊಸೆಸರ್, ಡ್ರೈವ್ ಎರಡಕ್ಕೂ ಒಳಗೇ ಗಟ್ಟಿ ಮಾಡುತ್ತೇನೆ. ಐ/ಓ ಅಡಾಪ್ಟರ್‌ಗಳಿಗೆ ಮಾತ್ರ ಸ್ವಿಚ್. ಮಾಡ್ಯೂಲ್‌ಗಳ ಜೋಡಣೆ ಬೇರೆ ಇದ್ದರೆ ಕೀಯಿಂಗ್ (ಸರಿಯಾದ ಮಾಡ್ಯೂಲೇ ಇದೆಯಾ ಅಂತ ಪಿಎಲ್‌ಸಿ ಮಾಡುವ ತಪಾಸಣೆ) ಹೊಂದದೆ ಕನೆಕ್ಷನ್ ನಿಲ್ಲುತ್ತದೆ ಅನ್ನುವ ಧೈರ್ಯ ಸ್ವಲ್ಪ ಇದೆ.

ರಾತ್ರಿಪಾಳಿ:

ಜೋಡಣೆ ಒಂದೇ ಥರ ಇದ್ದರೆ ಆ ಧೈರ್ಯವೂ ಇಲ್ಲ. ನಾನಂತೂ ಎಲ್ಲವನ್ನೂ ಗಟ್ಟಿ ಮಾಡುವವನೇ.

ಡಿನ್‌ರೈಲ್:

ಇಲ್ಲಿ ಎಲ್ಲ ಒಂದೇ ಕಂಪನಿಯ ಮಾತಾಯಿತು. ಬೇರೆ ಹಾರ್ಡ್‌ವೇರ್‌ನಲ್ಲಿ ಕೆಲಸ ಮಾಡುವವರಿಗಾಗಿ ನಾಲ್ಕು ಮಾತು.

ವಾಗೋ 750-841 ಥರದ ಹಳೇ ಕಂಟ್ರೋಲರ್‌ಗಳೂ ಬೂಟ್‌ಪಿ ಕೇಳುತ್ತವೆ. ವಾಗೋದ ಬೂಟ್‌ಪಿ ಸರ್ವರ್‌ನಲ್ಲಿ ಬಟನ್‌ಗಳ ಬದಲು ಬೂಟ್‌ಪಿಟ್ಯಾಬ್ ಅನ್ನುವ ಸಾದಾ ಟೆಕ್ಸ್ಟ್ ಫೈಲ್ ಇರುತ್ತದೆ. ಒಂದು ಸಾಧನಕ್ಕೆ ಒಂದು ಸಾಲು: ಹೆಸರು, ಹಾರ್ಡ್‌ವೇರ್ ಬಗೆ 1 ಅಂದರೆ ಈಥರ್‌ನೆಟ್, ಮ್ಯಾಕ್ ಅಡ್ರೆಸ್, ಐಪಿ. ನನಗೆ ಇದು ಜಾಸ್ತಿ ಇಷ್ಟ. ಫೈಲ್ ಅನ್ನು ಪ್ರಾಜೆಕ್ಟ್ ಜೊತೆಯೇ ಎತ್ತಿಡಬಹುದು. ಫೀನಿಕ್ಸ್ ಕಾಂಟ್ಯಾಕ್ಟ್‌ನವರದು ಐಪಿಅಸೈನ್ ಅಂತ ಚಿಕ್ಕ ಟೂಲ್, ಅದೂ ಬೂಟ್‌ಪಿಯೇ.

ಮೋಡಿಕಾನ್ ಎಂ340ಯಲ್ಲಿ, ಬಿಎಂಎಕ್ಸ್ ಪಿ34 2020 ಸಿಪಿಯುನ ಹಿಂಬದಿಯಲ್ಲಿ ತಿರುಗಿಸುವ ಎರಡು ಸ್ವಿಚ್ ಇವೆ. ಉಳಿಸಿದ ಅಡ್ರೆಸ್ ಬೇಕಾ, ಬೂಟ್‌ಪಿ ಕೇಳಬೇಕಾ, ಐಪಿ ಅಳಿಸಬೇಕಾ ಅಂತ ಅಲ್ಲೇ ಆರಿಸಬೇಕು. ರ‍್ಯಾಕ್‌ಗೆ ಹಾಕುವ ಮೊದಲೇ ನೋಡಿಕೊಳ್ಳಿ, ಹಾಕಿದ ಮೇಲೆ ಕಾಣುವುದಿಲ್ಲ.

ಸೀಮೆನ್ಸ್ ಎಸ್7-1200, 1500 ಇದ್ದರೆ ಬೂಟ್‌ಪಿ ಟೂಲ್ ತೆರೆದು ಕಾಯಬೇಡಿ. ಅಲ್ಲಿ ಪ್ರೊಫಿನೆಟ್‌ನ ಡಿಸಿಪಿ ಬಳಸುತ್ತಾರೆ. ಅದು ಐಪಿಯ ಕೆಳಗಿನ ಪದರದಲ್ಲಿ, ಬರೀ ಮ್ಯಾಕ್ ಅಡ್ರೆಸ್ ಮೇಲೆ ಓಡುತ್ತದೆ. ಅಲ್ಲಿ ಸಾಧನ ತಾನಾಗಿ ಕೂಗುವುದಿಲ್ಲ, ನಾವು ಪ್ರೊನೆಟಾ ಥರದ ಟೂಲ್‌ನಿಂದ ಕರೆದು ಹುಡುಕಬೇಕು.

ವೈರ್‌ಶಾರ್ಕ್ ಬಗ್ಗೆ ಒಂದು: 3.0 ಆವೃತ್ತಿಯಿಂದ ಬೂಟ್‌ಪಿ ಅನ್ನುವ ಫಿಲ್ಟರ್ ಹೆಸರು ಡಿಎಚ್‌ಸಿಪಿ ಅಂತ ಬದಲಾಗಿದೆ. ಪ್ಯಾಕೆಟ್‌ನ ರೂಪ ಎರಡಕ್ಕೂ ಒಂದೇ. ಡಿಎಚ್‌ಸಿಪಿ ಅನ್ನುವುದು ಬೂಟ್‌ಪಿಯ ಮೇಲೇ ಕಟ್ಟಿದ್ದು. ಲೀಸ್, ಅಂದರೆ ಇಷ್ಟು ಹೊತ್ತು ಮಾತ್ರ ಈ ಅಡ್ರೆಸ್ ಅನ್ನುವ ಕರಾರು, ಅದರಲ್ಲಿ ಸೇರಿಕೊಂಡಿತು.

ಪ್ಯಾನೆಲ್‌ಬಾಗಿಲು:

ಕೆಲಸ ಆಯಿತು! ಲ್ಯಾಪ್‌ಟಾಪ್ 192.168.10.50 ಮಾಡಿದೆ, ನಡುವೆ ಚಿಕ್ಕ ಸ್ವಿಚ್ ಹಾಕಿದೆ, ವೈಫೈ ಆಫ್. ಅಡ್ರೆಸ್ ಹೋಯಿತು, ಪಿಂಗ್ ಬಂತು. ಡಿಸೇಬಲ್ ಒತ್ತಿದೆ, ಕಮಾಂಡ್ ಸಕ್ಸಸ್‌ಫುಲ್ ಅಂತ ಬಂತು. ಟೂಲ್ ಪೂರ್ತಿ ಮುಚ್ಚಿ, ಕಂಟ್ರೋಲರ್ ಮೂರು ಸಲ ಆಫ್ ಆನ್ ಮಾಡಿದೆ. ಮೂರು ಸಲವೂ ಪಿಂಗ್ ಬಂತು. ಆ ಸಾಲು ನೋಡಿದಾಗ ಆದ ಸಮಾಧಾನ ಹೇಳಲಾರೆ.

ಇನ್ನು ಅದೇ ಪ್ಯಾನೆಲ್‌ನಲ್ಲಿ ಒಂದು 1734-ಎಇಎನ್‌ಟಿ ಐ/ಓ ಅಡಾಪ್ಟರ್ ಹೊಸದು ಹಾಕಬೇಕು. ಅದರ ಮುಂದೆ ಮೂರು ಅಂಕಿಯ ಚಕ್ರ ಇದೆ, 999ರಲ್ಲಿದೆ. 021ಕ್ಕೆ ತಿರುಗಿಸಿದರೆ ಸಾಕಾ? ಆಗ ಟೂಲ್ ಬೇಕಾಗುವುದಿಲ್ಲ ಅಲ್ವಾ?

ಹಳೇಲ್ಯಾಡರ್:

ತುಂಬಾ ಸಂತೋಷ. ಟೂಲ್ ಮುಚ್ಚಿ ಪರೀಕ್ಷೆ ಮಾಡಿದಿರಲ್ಲ, ಅದೇ ಸರಿಯಾದ ಕ್ರಮ.

ಚಕ್ರ ತಿರುಗಿಸಬೇಡಿ. 001ರಿಂದ 254ರವರೆಗೆ ಇಟ್ಟರೆ ಅಡ್ರೆಸ್ 192.168.1.ರಲ್ಲಿ ಬರುತ್ತದೆ. 021 ಇಟ್ಟರೆ 192.168.1.21. ನಿಮ್ಮ ನೆಟ್‌ವರ್ಕ್ 192.168.10 ಆಗಿರುವುದರಿಂದ ಕಂಟ್ರೋಲರ್‌ಗೆ ಅದು ಸಿಗುವುದೇ ಇಲ್ಲ. 999ರಲ್ಲೇ ಬಿಡಿ, ಅದು ಫ್ಯಾಕ್ಟರಿಯಿಂದ ಬರುವ ಸ್ಥಾನ, ಡಿಎಚ್‌ಸಿಪಿ ಕೇಳುತ್ತದೆ. ಅದೇ ಟೂಲ್‌ನಲ್ಲಿ ಕಾಣಿಸುತ್ತದೆ, ಆದರೆ ಬಗೆಯ ಜಾಗದಲ್ಲಿ ಬೂಟ್‌ಪಿ ಬದಲು ಡಿಎಚ್‌ಸಿಪಿ ಅಂತ ಇರುತ್ತದೆ. ಅಡ್ರೆಸ್ ಕೊಟ್ಟು, ಪಿಂಗ್ ನೋಡಿ, ಡಿಸೇಬಲ್ ಒತ್ತಿ.

888ಕ್ಕೆ ಮಾತ್ರ ಯಾರೂ ಕೈಹಾಕದಂತೆ ನೋಡಿಕೊಳ್ಳಿ. ಆ ಸ್ಥಾನದಲ್ಲಿಟ್ಟು ಪವರ್ ಕೊಟ್ಟರೆ ಎಲ್ಲ ಅಳಿಸಿ ಫ್ಯಾಕ್ಟರಿ ಸ್ಥಿತಿಗೆ ಹೋಗುತ್ತದೆ.

ಪ್ಯಾನೆಲ್‌ಬಾಗಿಲು:

ಕೇಳಿದ್ದು ಒಳ್ಳೆಯದಾಯಿತು, ತಿರುಗಿಸಲು ಸ್ಕ್ರೂಡ್ರೈವರ್ ತೆಗೆದಿಟ್ಟಿದ್ದೆ. 999ರಲ್ಲೇ ಬಿಟ್ಟು 192.168.10.21 ಕೊಟ್ಟೆ. ಎರಡು ಸಲ ಆಫ್ ಆನ್ ಮಾಡಿದೆ, ನಿಂತಿದೆ. ಎರಡರ ಮ್ಯಾಕ್ ಅಡ್ರೆಸ್, ಐಪಿ, ಮಾಸ್ಕ್ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ್ದೇನೆ. ರಾತ್ರಿಪಾಳಿ ಸರ್, ಬಿ ಮತ್ತು 8 ಎರಡನ್ನೂ ದೊಡ್ಡದಾಗಿ ಬರೆದಿದ್ದೇನೆ.